ನಿಂಬೆಹಣ್ಣು ಹಿಡಿದ ಕೈ

ಗೇರುಸೊಪ್ಪೆಯಿಂದ ಮಲೆಮನೆ ಘಟ್ಟವನ್ನು ನಡೆದು ಹತ್ತಲು ಹೊರಟರೆ ಮೊದಲು ಎದುರಾಗುವುದು ಜನರ ಕರುಣೆ. ಕಳೆದ ಡಿಸೆಂಬರಿನಲ್ಲಿ ನಾನೂ ನನ್ನ ಗಂಡನೂ ಬೆನ್ನಿಗೊಂದೊಂದು ಚೀಲ ಏರಿಸಿಕೊಂಡು ಹೊರಟಾಗ ಮೊದಲ ಎರಡು ತಾಸಿನಲ್ಲೇ ನಾಲ್ಕು ವಾಹನಗಳು ನಿಂತವು. ಎಲ್ಲರದೂ ಒಂದೇ ಪ್ರಶ್ನೆ: "ಗಾಡಿ ಕೈಕೊಡ್ತಾ?" ಇಲ್ಲ, ಸುಮ್ಮನೆ ನಡೆಯುತ್ತಿದ್ದೇವೆ ಎಂದರೆ ಯಾರೂ ನಂಬಲಿಲ್ಲ. ಒಬ್ಬ ಲಾರಿ ಚಾಲಕರಂತೂ, ಗಂಡ ಹೆಂಡತಿ ಜಗಳ ಮಾಡಿಕೊಂಡು ಹೊರಟಿದ್ದಾರೆ ಎಂದು ಭಾವಿಸಿ, "ಮನೇಲಿ ಕೂತು ಮಾತಾಡಿ ಬಗೆಹರಿಸಿಕೊಳ್ಳಿ" ಎಂದು ನನ್ನ ಗಂಡನಿಗೆ ಬುದ್ಧಿ ಹೇಳಿ ಹೋದರು. ಹೊರಡುವ ಹಿಂದಿನ ದಿನ ಆಯಿಯೂ ಫೋನಿನಲ್ಲಿ ಅದನ್ನೇ ಕೇಳಿದ್ದಳು. "ಬಸ್ಸು ಇದ್ದಲ ಕೂಸೆ, ನೆಡ್ಕಂಡು ಎಂತಕ್ಕೆ ಹೋಪದು?"

ಉತ್ತರ ಹೇಳುವುದು ಕಷ್ಟವಿತ್ತು. ನಾನು ಸಿದ್ದಾಪುರ ತಾಲ್ಲೂಕಿನವಳು. ಹೊರಗಿನಿಂದ ಬಂದ ಪ್ರವಾಸಿಗಳು ಕೆನರಾ ಮತ್ತು ಮಲೆನಾಡಿನ ಹೆಂಗಸರ ಬಗ್ಗೆ ಏನು ಬರೆದಿಟ್ಟರು ಎಂಬುದು ನನ್ನ ಪಿಎಚ್.ಡಿ. ವಿಷಯ. ನಾಲ್ಕು ವರ್ಷದಿಂದ ಗ್ರಂಥಾಲಯದಲ್ಲಿ ಕುಳಿತು ಓದಿದ ಒಂದು ಪತ್ರದಲ್ಲಿ ಈ ಘಟ್ಟ ಬರುತ್ತದೆ. 1623ರ ಅಕ್ಟೋಬರ್ ಕೊನೆಯಲ್ಲಿ ಹೊನ್ನಾವರದಲ್ಲಿದ್ದ ಒಬ್ಬ ಇಟಲಿಯವನು ಶರಾವತಿಯಲ್ಲಿ ದೋಣಿಯೇರಿ ಗೇರುಸೊಪ್ಪೆಗೆ ಬಂದ. ಅಲ್ಲಿಂದ ಘಟ್ಟ ಹತ್ತಿ ಸಾಗರದ ಮೇಲೆ ಇಕ್ಕೇರಿಗೆ ಹೋದ. ಇಂದಿನ ಹೆದ್ದಾರಿಯೇ ಅವನು ಹೋದ ದಾರಿಯಲ್ಲ, ಏರು ಮಾತ್ರ ಅದೇ. ಬಸ್ಸಿನಲ್ಲಿ ಕುಳಿತು ನೂರು ಸಲ ಹತ್ತಿಳಿದ ಏರನ್ನು ಒಮ್ಮೆ ಕಾಲಿನಲ್ಲಿ ಹತ್ತಬೇಕು ಅನಿಸಿತು. ಎಂ.ಎ.ಯಲ್ಲಿ ನನ್ನ ಸಹಪಾಠಿಯಾಗಿದ್ದ ಗಂಡನಿಗೆ ಈ ಇಟಲಿಯವನ ಕಥೆ ಕೇಳಿ ಕೇಳಿ ಬೇಸರ ಬಂದಿತ್ತಾದರೂ, "ನಡೀ, ಇದೊಂದು ಮುಗಿಸಿಬಿಡೋಣ" ಎಂದು ಜೊತೆಗೆ ಬಂದ.

ಆ ಇಟಲಿಯವನ ಹೆಸರು ಪಿಯೆತ್ರೊ ದೆಲ್ಲಾ ವಾಲ್ಲೆ. ಇಕ್ಕೇರಿಯ ಇತಿಹಾಸ ಓದಿದವರಿಗೆ ಇವನು ಪರಿಚಿತ. ವೆಂಕಟಪ್ಪ ನಾಯಕನ ಆಸ್ಥಾನ, ಇಕ್ಕೇರಿ ಪಟ್ಟಣದ ಬಿದಿರು ಮೆಳೆಯ ಬೇಲಿ, ಅಘೋರೇಶ್ವರ ದೇವಾಲಯ, ಬೀದಿಯಲ್ಲಿ ಕೋಲು ಹಿಡಿದು ಕುಣಿಯುವ ಹುಡುಗಿಯರು, ಇವೆಲ್ಲಕ್ಕೂ ನಮ್ಮ ಚರಿತ್ರಕಾರರು ಅವನ ಪತ್ರಗಳನ್ನು ಆಧಾರವಾಗಿ ಬಳಸಿದ್ದಾರೆ. ಅವನ ಸ್ವಂತ ಬದುಕಿನ ಮಾತು ನಮ್ಮ ಪುಸ್ತಕಗಳಲ್ಲಿ ಹೆಚ್ಚಾಗಿ ಒಂದು ಸಾಲಿನಲ್ಲಿ ಮುಗಿಯುತ್ತದೆ. ಇಕ್ಕೇರಿಯಲ್ಲಿ ಅವನು ಯಾಕೆ ಒಬ್ಬ ಹೆಂಗಸಿನ ಮುಂದೆ ಅಷ್ಟು ಹೊತ್ತು ನಿಂತ ಎಂಬುದು ತಿಳಿಯಬೇಕಾದರೆ ಆ ಬದುಕು ಗೊತ್ತಿರಬೇಕು.

ಅವನು ಹುಟ್ಟಿದ್ದು 1586ರಲ್ಲಿ, ರೋಮಿನ ಶ್ರೀಮಂತ ಮನೆತನದಲ್ಲಿ. ಪ್ರೀತಿಸಿದ ಹುಡುಗಿ ಬೇರೆಯವರನ್ನು ಮದುವೆಯಾದಾಗ ಸಾಯುವ ಯೋಚನೆಯವರೆಗೂ ಹೋಗಿದ್ದನಂತೆ. ನೇಪಲ್ಸಿನ ಗೆಳೆಯ, ವೈದ್ಯ ಮಾರಿಯೊ ಸ್ಕಿಪಾನೊ, ಅದರ ಬದಲು ಯಾತ್ರೆ ಮಾಡು ಎಂದ. 1614ರಲ್ಲಿ ವೆನಿಸ್ಸಿನಿಂದ ಹಡಗು ಹತ್ತಿದವನು ಮರಳಿ ರೋಮ್ ಸೇರಿದ್ದು 1626ರಲ್ಲಿ. ದಾರಿಯುದ್ದಕ್ಕೂ ಸ್ಕಿಪಾನೊಗೆ ಬರೆದ ಪತ್ರಗಳೇ ಅವನ ಪ್ರವಾಸಕಥನ. ಇಸ್ತಾಂಬುಲ್, ಈಜಿಪ್ಟ್, ಜೆರುಸಲೇಮ್ ನೋಡಿಕೊಂಡು ಬಾಗ್ದಾದಿಗೆ ಬಂದ. ಈಜಿಪ್ಟಿನಲ್ಲಿ ಎರಡು ಮಮ್ಮಿಗಳನ್ನು ಕೊಂಡ, ಅವು ಇಂದಿಗೂ ಜರ್ಮನಿಯ ಡ್ರೆಸ್ಡೆನ್‌ನಲ್ಲಿವೆ. ಪರ್ಸೆಪೊಲಿಸ್‌ನ ಬೆಣೆಲಿಪಿಯ ಅಕ್ಷರಗಳನ್ನು ನಕಲು ಮಾಡಿ ಯುರೋಪಿಗೆ ತಿಳಿಸಿದ ಮೊದಲಿಗರಲ್ಲಿ ಅವನೂ ಒಬ್ಬ.

ಬಾಗ್ದಾದಿನಲ್ಲಿ 1616ರಲ್ಲಿ ಅವನು ಮದುವೆಯಾದ. ಹುಡುಗಿಯ ಹೆಸರು ಸಿತ್ತಿ ಮಾನಿ. ಸಿರಿಯದ ಪಂಥದ ಕ್ರೈಸ್ತ ಕುಟುಂಬದವಳು, ಹದಿಹರೆಯ ದಾಟುತ್ತಿದ್ದವಳು. ಅಲ್ಲಿಂದ ಮುಂದಿನ ಐದು ವರ್ಷ ಅವರಿಬ್ಬರೂ ಜೊತೆಯಲ್ಲೇ ತಿರುಗಿದರು. ಪರ್ಷಿಯಾದ ಷಾ ಅಬ್ಬಾಸನ ಆಸ್ಥಾನ, ಇಸ್ಫಹಾನ್, ಕ್ಯಾಸ್ಪಿಯನ್ ಸಮುದ್ರದ ದಂಡೆ, ಎಲ್ಲೆಡೆ ಮಾನಿ ಜೊತೆಗಿದ್ದಳು. ಇಬ್ಬರೂ ಭಾರತದ ಮೂಲಕ ಇಟಲಿಗೆ ಹೋಗುವುದೆಂದು ನಿಶ್ಚಯಿಸಿ ದಕ್ಷಿಣಕ್ಕೆ ಬಂದರು. ಆಗ ಹೋರ್ಮುಜ್ ದ್ವೀಪಕ್ಕಾಗಿ ಪರ್ಷಿಯನ್ನರಿಗೂ ಪೋರ್ಚುಗೀಸರಿಗೂ ಯುದ್ಧ ಶುರುವಾಗಿತ್ತು, ಹಡಗಿಗೆ ದಾರಿಯಿರಲಿಲ್ಲ. ಕರಾವಳಿಯ ಸೆಕೆಯಲ್ಲಿ, ಜ್ವರದಲ್ಲಿ, ಗರ್ಭ ಇಳಿದು, 1621ರ ಡಿಸೆಂಬರ್ 30ರಂದು ಮಾನಿ ತೀರಿಕೊಂಡಳು.

ಪರದೇಶದ ಮಣ್ಣಿನಲ್ಲಿ ಅವಳನ್ನು ಬಿಟ್ಟುಬರಲು ಅವನಿಗೆ ಆಗಲಿಲ್ಲ. ಕರ್ಪೂರ ತುಂಬಿಸಿ ದೇಹವನ್ನು ಕೆಡದಂತೆ ಮಾಡಿಸಿ ಪೆಟ್ಟಿಗೆಯಲ್ಲಿಟ್ಟ. ಹೆಣ ಸಾಗಿಸುವುದು ತಿಳಿದರೆ ಯಾವ ನಾವಿಕನೂ ಹತ್ತಿಸಿಕೊಳ್ಳುವುದಿಲ್ಲವಾದ್ದರಿಂದ ಸಾಮಾನಿನ ನಡುವೆ ಬಚ್ಚಿಟ್ಟ. ಆ ಪೆಟ್ಟಿಗೆ ಅವನ ಜೊತೆ 1623ರಲ್ಲಿ ಸೂರತ್ತಿಗೆ ಬಂತು, ಗೋವೆಗೆ ಬಂತು, ಮುಂದೆ ಬಸ್ರಾ, ಅಲೆಪ್ಪೊ ದಾಟಿ ರೋಮಿಗೆ ಹೋಯಿತು. ಅರಾಚೇಲಿ ಚರ್ಚಿನಲ್ಲಿ ಅವನ ಮನೆತನದ ಸಮಾಧಿಯಲ್ಲಿ ಮಾನಿಯನ್ನು ಇಟ್ಟರು. 1627ರಲ್ಲಿ ನಡೆದ ಶ್ರದ್ಧಾಂಜಲಿ ಸಭೆಯಲ್ಲಿ ಗಂಡ ತಾನೇ ಭಾಷಣ ಮಾಡಿದ.

ನಮ್ಮ ಘಟ್ಟ ಹತ್ತಿದ್ದು ಇಂಥ ಮನುಷ್ಯ. ಹೆಂಡತಿ ಸತ್ತು ಆಗ ಎರಡು ವರ್ಷವೂ ತುಂಬಿರಲಿಲ್ಲ.

ಗೋವೆಯ ಪೋರ್ಚುಗೀಸ್ ಸರಕಾರ ವೆಂಕಟಪ್ಪ ನಾಯಕನ ಬಳಿಗೆ ರಾಯಭಾರಿಯನ್ನು ಕಳಿಸುತ್ತಿತ್ತು. ಕಾಳುಮೆಣಸಿನ ವ್ಯಾಪಾರ, ಮಂಗಳೂರಿನ ಬಂಗ ಅರಸನ ವ್ಯಾಜ್ಯ, ಇಂಥವು ಮಾತಾಡಲಿಕ್ಕಿದ್ದವು. ನೋಡುವ ಕುತೂಹಲದಿಂದ ದೆಲ್ಲಾ ವಾಲ್ಲೆ ಆ ತಂಡ ಸೇರಿಕೊಂಡ. ಗೇರುಸೊಪ್ಪೆಗೆ ಬರುವಾಗ ನದಿಯ ಚೆಲುವಿಗೆ ಅವನು ಮಾರುಹೋದ. ಊರು ಮಾತ್ರ ಹಾಳು ಬಿದ್ದಿತ್ತು. ಪೋರ್ಚುಗೀಸರು ಮೆಣಸಿನ ರಾಣಿ ಎಂದು ಕರೆಯುತ್ತಿದ್ದ ಚೆನ್ನಭೈರಾದೇವಿಯ ರಾಜಧಾನಿ ಇದು. ಇಕ್ಕೇರಿಯವರು ಅದನ್ನು ಗೆದ್ದು ಹೆಚ್ಚು ಕಾಲವಾಗಿರಲಿಲ್ಲ. ಅಷ್ಟರಲ್ಲೇ ಅರಮನೆಯಿದ್ದಲ್ಲಿ ಮರ ಬೆಳೆದು, ರೈತರ ನಾಲ್ಕು ಗುಡಿಸಲು ಉಳಿದಿದ್ದವು. ನಾವು ನದಿಯಾಚೆಯ ನಗರಬಸ್ತಿಕೇರಿಗೆ ಹೋಗಿ ಚತುರ್ಮುಖ ಬಸದಿಯ ಜಗುಲಿಯ ಮೇಲೆ ಕುಳಿತಿದ್ದೆವು. ನಾಲ್ಕು ದಿಕ್ಕಿಗೂ ಬಾಗಿಲು, ನಾಲ್ಕು ಬಾಗಿಲಿನ ಹೊರಗೂ ಕಾಡು. ಅವನು ಕಂಡದ್ದು ಹೀಗೆಯೇ ಇರಬೇಕು ಎಂದು ನನ್ನ ಗಂಡ ಹೇಳಿದ. ಆ ಪತ್ರದ ಬಗ್ಗೆ ಅವನು ತಾನಾಗಿ ಆಡಿದ ಮೊದಲ ಮಾತು ಅದು.

ಘಟ್ಟದ ನಡುವೆ ಕತ್ತಲೆಕಾನು. ಹಗಲಲ್ಲೂ ಹೆಸರಿಗೆ ತಕ್ಕ ಹಾಗೆ ಇರುವ ಕಾಡು. ರಾಮಪತ್ರೆಯ ಮರಗಳು ಹಳ್ಳದ ಕೆಸರಿನಲ್ಲಿ ಬೇರು ಬಾಗಿಸಿ ನಿಂತಿರುತ್ತವೆ. ಮೇಲಿನ ಕೊಂಬೆಗಳಲ್ಲಿ ಸಿಂಗಳೀಕಗಳ ಒಂದು ಗುಂಪು ನಮ್ಮನ್ನು ಕಂಡು ಸದ್ದು ಮಾಡುತ್ತ ಸರಿದು ಹೋಯಿತು. ದೆಲ್ಲಾ ವಾಲ್ಲೆ ಈ ಬೆಟ್ಟಗಳನ್ನು ತನ್ನ ದೇಶದ ಅಪೆನೈನ್ ಪರ್ವತಗಳ ಜೊತೆ ಹೋಲಿಸುತ್ತಾನೆ. ಎತ್ತರ ಅಲ್ಲಿಯಷ್ಟಿಲ್ಲ, ಕಾಡು ಮಾತ್ರ ಇಲ್ಲಿಯೇ ದಟ್ಟ ಎಂಬುದು ಅವನ ತೀರ್ಮಾನ. ಉಸಿರು ಕಟ್ಟಿ ತಿರುವಿನ ಕಟ್ಟೆಯ ಮೇಲೆ ಕುಳಿತಾಗ ನನಗೆ ನೆನಪಾದದ್ದು ಸಾಮಾನು ಹೊತ್ತವರು. ರಾಯಭಾರಿಯ ತಂಡ ಎಂದರೆ ಎಷ್ಟು ಹೊರೆ! ಆ ಹೊರೆ ಹೊತ್ತು ಈ ಏರು ಹತ್ತಿದವರ ಹೆಸರು ಒಂದೂ ಪತ್ರದಲ್ಲಿಲ್ಲ.

ಅವರಿಂದಾಗಿಯೇ ನಮಗೊಂದು ಒಳ್ಳೆಯ ಚಿತ್ರ ಸಿಕ್ಕಿದೆ. ಘಟ್ಟ ಹತ್ತಿದ ಮೇಲೆ, ಹೊರೆಗಳನ್ನು ಸರಿಮಾಡಿ ಕಟ್ಟುವವರೆಗೆ ದೆಲ್ಲಾ ವಾಲ್ಲೆ ಒಂದು ಗುಡಿಯ ಮೊಗಸಾಲೆಯಲ್ಲಿ ಕಾದು ಕುಳಿತಿದ್ದ. ಅಲ್ಲಿ ನಾಲ್ಕು ಜನ ಹುಡುಗರು ಲೆಕ್ಕ ಕಲಿಯುತ್ತಿದ್ದರು. ನೆಲದ ಮೇಲೆ ನುಣುಪಾದ ಮರಳು ಹರಡಿದೆ. ಒಬ್ಬ ರಾಗವಾಗಿ ಪಾಠ ಹೇಳುತ್ತ ಬೆರಳಿನಿಂದ ಮರಳಿನಲ್ಲಿ ಅಂಕಿ ಬರೆಯುತ್ತಾನೆ, ಉಳಿದವರು ಅದನ್ನೇ ಹಾಡುತ್ತ ಬರೆಯುತ್ತಾರೆ. ಜಾಗ ತುಂಬಿದರೆ ಮತ್ತೆ ಮರಳು ಎರಚಿ ಮುಂದುವರಿಯುತ್ತಾರೆ. ಮರೆತರೆ ತಿದ್ದುವವರು ಯಾರು ಎಂದು ಅವನು ಕೇಳಿದ. ನಾಲ್ವರೂ ಒಟ್ಟಿಗೆ ಮರೆಯಲು ಸಾಧ್ಯವಿಲ್ಲವಲ್ಲ ಎಂದು ಹುಡುಗರು ಹೇಳಿದರು. ನಮ್ಮ ಅಪ್ಪಯ್ಯನ ಮಗ್ಗಿ ಕೇಳಿದವರಿಗೆ ಆ ರಾಗ ಯಾವುದೆಂದು ಹೇಳಬೇಕಿಲ್ಲ.

ಇಲ್ಲೊಂದು ಹೋಲಿಕೆ ಕೊಡಬೇಕು. ಇವನಿಗಿಂತ 178 ವರ್ಷಗಳ ನಂತರ, 1801ರಲ್ಲಿ, ಫ್ರಾನ್ಸಿಸ್ ಬುಕಾನನ್ ಕಾರವಾರದ ಕಡೆಯಿಂದ ಘಟ್ಟ ಹತ್ತಿ ಯಲ್ಲಾಪುರ, ಸೋಂದಾ, ಶಿರಸಿ, ಬನವಾಸಿಗಳ ಮೂಲಕ ಹೋದ. ಟಿಪ್ಪುವಿನ ಪತನದ ನಂತರ ಕಂಪನಿ ಸರಕಾರಕ್ಕೆ ಹೊಸ ಸೀಮೆಯ ವರದಿ ಬೇಕಿತ್ತು, ಅದಕ್ಕಾಗಿ ಗವರ್ನರ್ ಜನರಲ್ ವೆಲ್ಲೆಸ್ಲಿ ಕಳಿಸಿದ ವೈದ್ಯ ಅವನು. 1807ರಲ್ಲಿ ಮೂರು ಸಂಪುಟಗಳಾಗಿ ಬಂದ ಅವನ ವರದಿಯಿಲ್ಲದೆ ನಮ್ಮ ಮೂರು ತಾಲ್ಲೂಕುಗಳ ಕೃಷಿ ಚರಿತ್ರೆ ಬರೆಯಲಾಗದು. ಅಡಕೆ ತೋಟದ ಖರ್ಚು, ಮೆಣಸಿನ ಬಳ್ಳಿ, ಭತ್ತದ ಬಿತ್ತನೆ, ತೆರಿಗೆ, ಆಳಿನ ಕೂಲಿ, ಹಾಳುಬಿದ್ದ ಸೋಂದೆಯ ಕೋಟೆಗೋಡೆ, ಎಲ್ಲವೂ ಅದರಲ್ಲಿದೆ. ತೋಟದಲ್ಲಿ ದುಡಿಯುವ ಹೆಂಗಸರು ಬರುವುದು ಕೂಲಿಯ ಲೆಕ್ಕದಲ್ಲಿ. ಅವನಿಗೆ ಬೇಕಾದದ್ದು ಸೀಮೆಯ ಹುಟ್ಟುವಳಿ. ದೆಲ್ಲಾ ವಾಲ್ಲೆಗೆ ಯಾರಿಗೂ ವರದಿ ಕೊಡಬೇಕಿರಲಿಲ್ಲ, ಗೆಳೆಯನಿಗೆ ಕಥೆ ಹೇಳಬೇಕಿತ್ತು. ಆದ್ದರಿಂದ ಅವನು ಎದುರಿಗಿದ್ದವರ ಹೆಸರು ಕೇಳಿದ. ಅವನ ವರ್ಗದ ಅಹಂಕಾರ, ಬಾಯಿಬಡುಕತನ ಎಲ್ಲವನ್ನೂ ನಾನು ಸಹಿಸಿಕೊಂಡದ್ದು ಈ ಒಂದು ಅಭ್ಯಾಸಕ್ಕಾಗಿ.

ಇಕ್ಕೇರಿಯ ಬೀದಿಯಲ್ಲಿ ಒಂದು ಸಂಜೆ ಅವನಿಗೆ ಒಂದು ಮೆರವಣಿಗೆ ಎದುರಾಯಿತು. ಕುದುರೆಯ ಮೇಲೆ ಒಬ್ಬ ಹೆಂಗಸು, ಮೇಲೆ ಛತ್ರಿ, ಸುತ್ತ ವಾದ್ಯ. ಅವಳ ಒಂದು ಕೈಯಲ್ಲಿ ಕನ್ನಡಿ, ಇನ್ನೊಂದರಲ್ಲಿ ನಿಂಬೆಹಣ್ಣು. ಕನ್ನಡಿ ನೋಡಿಕೊಳ್ಳುತ್ತ, ಕೇಳಿದರೆ ಕರುಳು ಹಿಂಡುವ ದನಿಯಲ್ಲಿ ಅವಳು ಏನೋ ಹಾಡಿಕೊಳ್ಳುತ್ತಿದ್ದಳು. ಗಂಡ ಸತ್ತಿದ್ದಾನೆ, ಇವಳು ಚಿತೆ ಏರುವವಳು ಎಂದು ಜನ ಹೇಳಿದರು. ನವೆಂಬರ್ 16ರಂದು ಅವನು ಅವಳ ಮನೆ ಹುಡುಕಿಕೊಂಡು ಹೋದ.

ಅಂಗಳದಲ್ಲಿ ಅವಳು ಬಿಳಿ ಸೀರೆ ಉಟ್ಟು, ಚಿನ್ನದ ಸರ ಬಳೆ ತೊಟ್ಟು, ತಲೆಗೆ ಸೂರ್ಯನ ಕಿರಣದ ಹಾಗೆ ಹರಡಿದ ಹೂವಿನ ದಂಡೆ ಕಟ್ಟಿಕೊಂಡು ಕುಳಿತಿದ್ದಳು. ಕೈಯಲ್ಲಿ ನಿಂಬೆಹಣ್ಣಿತ್ತು. ಮದುವಣಗಿತ್ತಿಯಂತೆ ನಗುತ್ತ ಮಾತಾಡುತ್ತಿದ್ದಳು. ಪರದೇಶಿ ಬಂದಿದ್ದಾನೆಂದು ತಿಳಿದು ತಾನೇ ಎದ್ದು ಬಂದಳು. ದುಭಾಷಿಯ ಮೂಲಕ ಇಬ್ಬರೂ ನಿಂತುಕೊಂಡೇ ಬಹಳ ಹೊತ್ತು ಮಾತಾಡಿದರು. ಅವಳು ಹೆಸರು ಹೇಳಿದಳು. ಅವನು ಅದನ್ನು ಇಟಲಿಯ ಕಾಗುಣಿತದಲ್ಲಿ ಜ್ಯಾಕ್ಕಮಾ ಎಂದು ಬರೆದುಕೊಂಡ. ನಮ್ಮ ಬಾಯಲ್ಲಿ ಅದು ಜಕ್ಕಮ್ಮ.

ಜಕ್ಕಮ್ಮ ತೆಲುಗು ಮೂಲದವಳು. ಗಂಡ ವಾದ್ಯ ಬಾರಿಸುವವನು, ಸತ್ತು ಹತ್ತೊಂಬತ್ತು ದಿನವಾಗಿತ್ತು. ಅವನಿಗೆ ಇನ್ನೂ ಇಬ್ಬರು ಹೆಂಡಿರು, ಇಬ್ಬರೂ ಜಕ್ಕಮ್ಮನಿಗಿಂತ ಹಿರಿಯರು. ಅವರೂ ಅಲ್ಲೇ ಇದ್ದರು. ನಮಗೆ ಮಕ್ಕಳು ಬಹಳ, ನಾವು ಸಾಯುವುದಿಲ್ಲ ಎಂದು ಅವರು ಹೇಳಿದ್ದರು. ಜಕ್ಕಮ್ಮನಿಗೂ ಆರೇಳು ವರ್ಷದ ಮಗ, ಒಬ್ಬ ಪುಟ್ಟ ಮಗಳು. ಇಷ್ಟು ಚಿಕ್ಕ ಮಕ್ಕಳನ್ನು ಬಿಟ್ಟು ಹೇಗೆ ಹೋಗುತ್ತೀಯ ಎಂದು ದೆಲ್ಲಾ ವಾಲ್ಲೆ ಮತ್ತೆ ಮತ್ತೆ ಕೇಳಿದ. ತಾಯಿಯ ಮನಸ್ಸು ತಿರುಗಿಸಲು ಬೇರೆ ಯಾವ ಮಾತೂ ಇಷ್ಟು ನಾಟದು ಎಂಬ ಎಣಿಕೆ ಅವನದು. ಮಾವ ನೋಡಿಕೊಳ್ಳುತ್ತಾನೆ, ಅಕ್ಕಂದಿರಿದ್ದಾರೆ ಎಂದಳು ಅವಳು. ಆ ಮಾವನೂ ಪಕ್ಕದಲ್ಲಿ ನಿಂತು ಸಂತೋಷದಿಂದಲೇ ಮಾತಾಡುತ್ತಿದ್ದ. ಯಾರಾದರೂ ಒತ್ತಾಯ ಮಾಡಿದರೇ ಎಂದರೆ ಇಲ್ಲ, ನನ್ನ ಇಷ್ಟ ಎಂದಳು. ಸಾಮಾನ್ಯವಾಗಿ ಒತ್ತಾಯವಿಲ್ಲ, ದೊಡ್ಡ ಮನೆತನಗಳಲ್ಲಿ ಹರೆಯದ ವಿಧವೆಯಿದ್ದರೆ ಮಾನದ ಹೆಸರಿನಲ್ಲಿ ಕೆಲವೊಮ್ಮೆ ಉಂಟು ಎಂದು ಅಲ್ಲಿದ್ದವರು ತಿಳಿಸಿದರು. ಹೊರಡುವ ಮೊದಲು ಅವನು ಒಂದು ಮಾತು ಕೊಟ್ಟ: ನನ್ನ ಲೇಖನಿಗೆ ಸಾಧ್ಯವಾದಷ್ಟು ನಿನ್ನ ಹೆಸರು ಲೋಕದಲ್ಲಿ ಉಳಿಯುವಂತೆ ಮಾಡುತ್ತೇನೆ.

ಅವಳ ಬಗ್ಗೆ ಅವನು ಒಂದು ಸಾನೆಟ್ ಕೂಡ ಬರೆದ. ಭಾರತದ ಪತ್ರಗಳು ಅಚ್ಚಾದದ್ದು ಅವನು ಸತ್ತ ಮೇಲೆ, 1663ರಲ್ಲಿ. ಆ ಅಂಗಳದಲ್ಲಿದ್ದ ಉಳಿದವರ ಹೆಸರು, ಮಾವನದು, ಹಿರಿಯ ಹೆಂಡಿರದು, ಮಕ್ಕಳದು, ಉಳಿಯಲಿಲ್ಲ.

ಮೊದಲ ಸಲ ಇದನ್ನು ಓದಿದಾಗ ನನ್ನನ್ನು ತಡೆದು ನಿಲ್ಲಿಸಿದ್ದು ಆ ನಿಂಬೆಹಣ್ಣು. ಯಾಕೆಂದರೆ ಅದನ್ನು ನಾನು ಚಿಕ್ಕಂದಿನಿಂದ ನೋಡಿದ್ದೆ. ನಮ್ಮೂರ ಕೆರೆಯ ಏರಿಯ ಮೇಲೆ, ಅತ್ತಿಮರದ ಬುಡದಲ್ಲಿ ಒಂದು ಕಲ್ಲಿದೆ. ಅದರಲ್ಲಿ ಕಂಬದಿಂದ ಹೊರಟ ಒಂದು ಕೈ, ಮೊಣಕೈಯಲ್ಲಿ ಮಡಚಿ ಮೇಲಕ್ಕೆತ್ತಿದ್ದು. ಮುಂಗೈ ತುಂಬ ಬಳೆ. ಹೆಬ್ಬೆರಳು ತೋರುಬೆರಳಿನ ನಡುವೆ ದುಂಡನೆಯ ಒಂದು ವಸ್ತು. ಕೆಳಗೆ ಗಂಡ ಹೆಂಡತಿ ಜೊತೆಯಾಗಿ ಕುಳಿತಿದ್ದಾರೆ, ಮೇಲೆ ಸೂರ್ಯ ಚಂದ್ರ. ನಾವು ಅದನ್ನು ಮಾಸ್ತಿಕಲ್ಲು ಎನ್ನುತ್ತೇವೆ. ಮಹಾಸತಿ ಎಂಬುದೇ ಮಾಸ್ತಿಯಾದದ್ದು. ಹಬ್ಬದ ದಿನ ಅದಕ್ಕೆ ಕುಂಕುಮ ಹಚ್ಚುವುದು ನನ್ನ ಕೆಲಸವಾಗಿತ್ತು. ಕೈಯಲ್ಲಿರುವುದು ಲಾಡು ಎಂದು ಎಂಟು ವರ್ಷದ ನಾನು ತಿಳಿದಿದ್ದೆ.

ಕರ್ನಾಟಕದ ಉದ್ದಗಲಕ್ಕೂ ಇಂಥ ಕಲ್ಲುಗಳಿವೆ. ಕೆಲವದರಲ್ಲಿ ಹೆಂಗಸಿನ ಒಂದು ಕೈಯಲ್ಲಿ ಕನ್ನಡಿ, ಇನ್ನೊಂದರಲ್ಲಿ ನಿಂಬೆ ಇರುತ್ತದೆ, ದೆಲ್ಲಾ ವಾಲ್ಲೆ ಬೀದಿಯಲ್ಲಿ ಕಂಡ ಹಾಗೆಯೇ. ಬಳೆ ತೊಟ್ಟ ಕೈಯ ಅರ್ಥ ಸರಳ. ಬಳೆ ಒಡೆಯಲಿಲ್ಲ, ಇವಳು ವಿಧವೆಯಾಗಲಿಲ್ಲ, ಮುತ್ತೈದೆಯಾಗಿಯೇ ಹೋದಳು ಎಂದು ಕಲ್ಲು ಹೇಳುತ್ತದೆ. ಗಂಡ ಸತ್ತ ಕ್ಷಣಕ್ಕೂ ತಾನು ಸಾಯುವ ಕ್ಷಣಕ್ಕೂ ನಡುವಿನ ದಿನಗಳನ್ನು ಅದು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಜಕ್ಕಮ್ಮನ ಹತ್ತೊಂಬತ್ತು ದಿನಗಳು ಅಂಥವು. ಆ ದಿನಗಳಲ್ಲಿ ಒಬ್ಬ ಹೆಂಗಸು ಏನು ಮಾತಾಡಿದಳು, ಯಾರು ಏನು ಕೇಳಿದರು, ಮಕ್ಕಳು ಎಲ್ಲಿದ್ದರು ಎಂಬುದನ್ನು ಹೇಳುವ ಬರಹ ನಮ್ಮಲ್ಲಿ ತೀರ ವಿರಳ.

ಇಲ್ಲವೇ ಇಲ್ಲವೆಂದಲ್ಲ. ಹೆಗ್ಗಡದೇವನಕೋಟೆ ತಾಲ್ಲೂಕಿನ ಬೆಳತೂರಿನಲ್ಲಿ 1057ರ ಶಾಸನವೊಂದಿದೆ. ನುಗುನಾಡಿನ ರವಿಗನ ಮಗಳು ದೇಕಬ್ಬೆ. ಅವಳ ಗಂಡ ಏಚನನ್ನು ರಾಜಾಜ್ಞೆಯಿಂದ ತಲಕಾಡಿನಲ್ಲಿ ಕೊಂದರು. ಸುದ್ದಿ ಕೇಳಿ ದೇಕಬ್ಬೆ ಬೆಂಕಿಗೆ ಹೊರಟಾಗ ತಂದೆತಾಯಿ ಬೇಡವೆಂದು ತಡೆದರು. ಅವಳು ಕೇಳಲಿಲ್ಲ. ಕೊನೆಗೆ ಕಲ್ಲು ನಿಲ್ಲಿಸಿದ್ದು ಅದೇ ತಂದೆ. ಅಲ್ಲಿಯೂ ಅವಳ ಮಾತು ನಮಗೆ ಬರುವುದು ಅವಳನ್ನು ಹೊಗಳುವ ಕವಿಯ ಮೂಲಕ. ಜಕ್ಕಮ್ಮನ ಮಾತು ಬರುವುದು ದುಭಾಷಿ ಮತ್ತು ಇಟಲಿಯವನ ಮೂಲಕ. ಇಬ್ಬರೂ ತಾವಾಗಿಯೇ ಹೋದರು ಎಂದು ಬರೆದವರು ಹೇಳುತ್ತಾರೆ.

ಇದನ್ನು ಹೇಗೆ ಓದಬೇಕು? ಕಾಲೇಜಿನ ಒಂದು ವಿಚಾರ ಸಂಕಿರಣದಲ್ಲಿ ನಾನು ಈ ಭಾಗ ಓದಿದಾಗ ಇಬ್ಬರು ಎದ್ದು ನಿಂತರು. ನೋಡಿ, ಅವಳೇ ಸ್ವ ಇಚ್ಛೆ ಎಂದಿದ್ದಾಳೆ, ಇನ್ನೇನು ಚರ್ಚೆ ಎಂದರು ಒಬ್ಬರು. ಅವಳಿಗೆ ಅಮಲು ಪದಾರ್ಥ ಕೊಟ್ಟಿರಬೇಕು, ಹಾಗಾಗಿ ನಗುತ್ತಿದ್ದಳು ಎಂದರು ಇನ್ನೊಬ್ಬರು. ಎರಡನೆಯದಕ್ಕೆ ಪತ್ರದಲ್ಲಿ ಆಧಾರವಿಲ್ಲ. ಮೊದಲನೆಯದಕ್ಕೆ ಇದೆ. ಆದರೆ ಆ ಉತ್ತರ ಬಂದ ಅಂಗಳ ಯಾವುದು? ಮಾವ ಪಕ್ಕದಲ್ಲಿದ್ದಾನೆ. ಡೋಲು ಬಡಿಯುತ್ತಿದೆ. ಕುದುರೆಯ ಮೇಲೆ ಊರೆಲ್ಲ ಮೆರವಣಿಗೆ ಮಾಡಿಸಿಯಾಗಿದೆ. ಕೇಳುತ್ತಿರುವವನು ಪರದೇಶಿ, ಕೇಳಿಸಿಕೊಂಡು ಹೇಳುವವನು ದುಭಾಷಿ. ಆ ಅಂಗಳದಲ್ಲಿ ನಿಂತು "ನನಗೆ ಇಷ್ಟವಿಲ್ಲ" ಎನ್ನಬೇಕಾದರೆ ಅವಳಿಗೆ ಎಷ್ಟು ಧೈರ್ಯ ಬೇಕಿತ್ತು ಎಂದು ಯೋಚಿಸಬೇಕು.

ನನ್ನ ಕಣ್ಣು ಈಗೀಗ ಹೋಗುವುದು ಆ ಇಬ್ಬರು ಹಿರಿಯ ಹೆಂಡಿರ ಕಡೆ. ಅವರು ಒಲ್ಲೆ ಎಂದವರು. ಹಾಗೆ ಹೇಳಿಯೂ ಅದೇ ಮನೆಯಲ್ಲಿದ್ದರು, ಅತಿಥಿಯ ಎದುರು ನಿಂತು ಮಾತಾಡಿದರು. ಅಂದರೆ 1623ರ ಇಕ್ಕೇರಿಯಲ್ಲಿ, ವಾದ್ಯದವರ ಮನೆಯಲ್ಲಿ, ಒಲ್ಲೆ ಎನ್ನಲು ಒಂದು ದಾರಿ ಇತ್ತು, ಅದಕ್ಕೆ ಮಕ್ಕಳ ನೆಪ ಸಾಕಾಗುತ್ತಿತ್ತು. ಜಕ್ಕಮ್ಮ ಹೋದ ಮೇಲೆ ಅವಳ ಮಗನಿಗೂ ಮಗಳಿಗೂ ಅನ್ನ ಹಾಕಬೇಕಾದವರು ಅವರೇ. ಸಾನೆಟ್ ಅವರಿಗೆ ಸಿಗಲಿಲ್ಲ, ಕಲ್ಲೂ ಸಿಗಲಿಲ್ಲ. ಅವರನ್ನು ಕಣ್ಣೆದುರು ಕಂಡರೂ ದೆಲ್ಲಾ ವಾಲ್ಲೆ ಹೆಸರು ಕೇಳಲಿಲ್ಲ.

ಯಾಕೆ ಕೇಳಲಿಲ್ಲ ಎಂಬುದಕ್ಕೆ ನನಗೆ ಕಾಣುವ ಕ��ರಣ ಗೋವೆಯವರೆಗೆ ಬಂದ ಆ ಪೆಟ್ಟಿಗೆ. ಸತ್ತವಳನ್ನು ಬಿಡಲಾರದೆ ಹೊತ್ತು ತಿರುಗುವ ಗಂಡನಿಗೆ, ಸತ್ತವನನ್ನು ಬಿಡಲಾರೆ ಎನ್ನುವ ಹೆಂಡತಿ ತನ್ನವಳೇ ಅನಿಸಿರಬೇಕು. ಬೇಡವೆಂದು ಮಕ್ಕಳ ಹೆಸರು ಹೇಳಿ ಬೇಡಿಕೊಂಡವನೂ ಅವನೇ, ಇದು ವೀರಕಾರ್ಯವೆಂದು ಕೊಂಡಾಡಿದವನೂ ಅವನೇ. ಎರಡೂ ಪ್ರಾಮಾಣಿಕ. ಆದರೆ ಅವನ ಮತ್ತು ಅವಳ ನಡುವೆ ಒಂದು ವ್ಯತ್ಯಾಸವಿತ್ತು. ಪ್ರೀತಿಯ ಸಾಕ್ಷಿಗೆ ಅವನು ಪೆಟ್ಟಿಗೆ ಹೊತ್ತರೆ ಸಾಕಿತ್ತು. ರೋಮಿಗೆ ಹೋಗಿ ಸಮಾಧಿ ಮಾಡಿ, ಭಾಷಣ ಮಾಡಿ, ಕೆಲಕಾಲದ ನಂತರ ಅವನು ಮರುಮದುವೆಯಾದ. ಮಾನಿ ಸಾಕಿ ಬೆಳೆಸಿದ್ದ, ಅವರ ಜೊತೆಯಲ್ಲೇ ಪ್ರಯಾಣ ಮಾಡಿದ್ದ ಜಾರ್ಜಿಯಾದ ಅನಾಥ ಹುಡುಗಿ ಮಾರಿಯುಚ್ಚಾಳನ್ನೇ. ಮಕ್ಕಳೂ ಆದರು. ಅದರಲ್ಲಿ ತಪ್ಪೇನಿಲ್ಲ. ಅದೇ ದಾರಿ ಜಕ್ಕಮ್ಮನಿಗೆ ಇತ್ತೇ ಎಂಬುದಷ್ಟೇ ನನ್ನ ಪ್ರಶ್ನೆ.

ಇಕ್ಕೇರಿಯಿಂದ ಅವನು ಕರಾವಳಿಗಿಳಿದ. ಅಲ್ಲಿ ಉಳ್ಳಾಲದ ರಾಣಿ ಎದುರಾದಳು, ಬರಿಗಾಲಲ್ಲಿ, ರಸ್ತೆಯ ಮೇಲೆ ನಡೆದು ಬರುತ್ತಿದ್ದಳು. ನೀರಿನ ಕಾಲುವೆ ಕೆಲಸ ನೋಡಿಕೊಂಡು ಬರುವ ಹೊತ್ತು. ಗಂಡ ಬಂಗ ಅರಸನನ್ನು ಬಿಟ್ಟು, ಅವನ ಒಡವೆ ಅವನಿಗೆ ಮರಳಿಸಿ, ರಾಜ್ಯ ಆಳುತ್ತಿದ್ದವಳು ಅವಳು. ಘಟ್ಟದ ಮೇಲೆ ಜಕ್ಕಮ್ಮ, ಕೆಳಗೆ ಈ ರಾಣಿ, ಒಂದೇ ಪುಸ್ತಕದಲ್ಲಿ ಕೆಲವೇ ಪುಟಗಳ ಅಂತರದಲ್ಲಿ ಇದ್ದಾರೆ. ಪದ್ಧತಿ ಎಂಬುದು ಎಲ್ಲರಿಗೂ ಒಂದೇ ಆಗಿರಲಿಲ್ಲ ಎನ್ನಲು ಇಷ್ಟು ಸಾಕು.

ಕತ್ತಲೆಕಾನಿನ ಹತ್ತಿರ ನೆಂಟರ ಮನೆಯಲ್ಲಿ ರಾತ್ರಿ ಉಳಿದು, ಮರುದಿನ ಮಧ್ಯಾಹ್ನ ನಾವು ಮಾವಿನಗುಂಡಿ ತಲುಪಿದೆವು. ಒಂದು ದಾರಿ ಜೋಗಕ್ಕೆ, ಒಂದು ಸಿದ್ದಾಪುರಕ್ಕೆ. ಅಲ್ಲಿ ಒಂದು ಸ್ಮಾರಕವಿದೆ. 1930ರ ದಶಕದ ಕರನಿರಾಕರಣೆಯಲ್ಲಿ ಸಿದ್ದಾಪುರ, ಅಂಕೋಲೆ ಸೀಮೆಯ ರೈತರು ಕಂದಾಯ ಕೊಡಲಿಲ್ಲ. ಸರಕಾರ ಜಮೀನು, ಮನೆ, ಪಾತ್ರೆ ಪಗಡ ಹರಾಜು ಹಾಕಿತು. ಗಂಡಸರು ಜೈಲಿನಲ್ಲಿದ್ದರು. ಆಗ ಈ ತಾಲ್ಲೂಕಿನ ಹೆಂಗಸರು, ಅಂಗಳ ದಾಟಿ ಅಭ್ಯಾಸವಿಲ್ಲದವರು, ನಡೆದು ಹೋಗಿ ಹರಾಜಿನ ಜಮೀನು ಕೊಂಡವರ ಮನೆ ಬಾಗಿಲಲ್ಲಿ ಉಪವಾಸ ಕುಳಿತರು. ಅವರ ನೆನಪಿಗೆ ನಿಂತ ಕಲ್ಲು ಅದು.

ಸ್ಮಾರಕದ ಮುಂದೆ ಕಾಲು ಚಾಚಿ ಕುಳಿತು ನೆಂಟರ ಮನೆಯವರು ಕಟ್ಟಿಕೊಟ್ಟ ಅವಲಕ್ಕಿ ತಿಂದೆವು. ನಮ್ಮೂರ ಕೆರೆ ಏರಿಯ ಕಲ್ಲೂ ಹೆಂಗಸಿನ ನೆನಪಿಗೆ ನಿಂತದ್ದು, ಇದೂ ಹಾಗೆಯೇ. ನನ್ನ ಗಂಡ ಕೇಳಿದ: "ನಿಮ್ಮ ಮನೆಯಿಂದ ಯಾರಾದರೂ ಉಪವಾಸಕ್ಕೆ ಹೋಗಿದ್ದರಾ?" ಇಲ್ಲ ಎನ್ನಲು ಹೊರಟವಳಿಗೆ ಇನ್ನೊಂದು ನೆನಪಾಯಿತು.

ನಮ್ಮ ಮನೆಯಲ್ಲಿ ಒಬ್ಬ ಅಜ್ಜಿಯಿದ್ದಳು, ಅಜ್ಜನ ಅಕ್ಕ. ನಾನು ಕಂಡಿಲ್ಲ, ಮಾತಿನಲ್ಲಿ ಕೇಳಿದ್ದೇನೆ. ಹದಿಮೂರೋ ಹದಿನಾಲ್ಕೋ ವರ್ಷಕ್ಕೆ ಗಂಡ ಸತ್ತು ತವರಿಗೆ ಬಂದವಳು. ಸಹಗಮನವನ್ನು 1829ರಲ್ಲಿ ಬೆಂಟಿಂಕ್ ಬಂಗಾಳದಲ್ಲಿ ನಿಷೇಧಿಸಿದ, ಮರುವರ್ಷ ಮದ್ರಾಸ್ ಪ್ರಾಂತ್ಯದಲ್ಲಿ ಕಾನೂನಾಯಿತು. ಕೆನರಾ ಆಗ ಮದ್ರಾಸಿಗೆ ಸೇರಿತ್ತು. ಹಾಗಾಗಿ ಅಜ್ಜಿಯ ಕಾಲಕ್ಕೆ ಚಿತೆ ಇರಲಿಲ್ಲ. ತಲೆ ಬೋಳಿಸಿ ಕೆಂಪು ಸೀರೆ ಉಡಿಸಿದರು. ಎಂಬತ್ತರ ಮೇಲೆ ಬದುಕಿದಳು. ಮಡಿಯಲ್ಲಿ ಅಡಿಗೆ ಮಾಡಿದಳು, ಬಾಣಂತನ ಮಾಡಿದಳು, ಮೂರು ತಲೆಮಾರಿನ ಮಕ್ಕಳನ್ನು ಎತ್ತಿ ಆಡಿಸಿದಳು. ಮದುವೆ ಮುಂಜಿಗಳಲ್ಲಿ ಎದುರಿಗೆ ಬರಲಿಲ್ಲ. ಮನೆಯವರೆಲ್ಲರಿಗೂ ಅವಳು ಕೆಂಪು ಸೀರೆ ಅಜ್ಜಿ. ಹೆಸರು ನನಗೆ ಗೊತ್ತಿರಲಿಲ್ಲ. ಇಕ್ಕೇರಿಯಲ್ಲಿ ನಾಲ್ಕುನೂರು ವರ್ಷದ ಹಿಂದೆ ಸತ್ತ ವಾದ್ಯದವನ ಹೆಂಡತಿಯ ಹೆಸರು ಗೊತ್ತು, ನನ್ನ ಅಜ್ಜನ ಒಡಹುಟ್ಟಿದವಳ ಹೆಸರು ಗೊತ್ತಿಲ್ಲ. ನಾಚಿಕೆಯಾಯಿತು.

ಅಂದು ಸಂಜೆ ಊರು ಸೇರಿದ ಕೂಡಲೇ ಅಪ್ಪಯ್ಯನನ್ನು ಕೇಳಿದೆ. ಅವನು ಬಹಳ ಹೊತ್ತು ಯೋಚಿಸಿದ. ಕೆಂಪು ಸೀರೆ ಅಜ್ಜಿ ಅಂತಲೇ ಕರೀತಿದ್ದೆವು ಎಂದ. ಪಹಣಿಯಲ್ಲಿ ಇಲ್ಲ, ಜಾತಕ ಯಾರೂ ಇಟ್ಟಿಲ್ಲ. ದೊಡ್ಡಪ್ಪನಿಗೆ ಫೋನು ಮಾಡಿದೆವು, ಅವನಿಗೂ ತಿಳಿಯದು. ಒಳಗೆ ಒಲೆಯ ಮುಂದಿದ್ದ ಆಯಿ, ಕೈ ಒರೆಸಿಕೊಳ್ಳುತ್ತ ಹೊರಗೆ ಬಂದು, ಒಂದು ಹೆಸರು ಹೇಳಿದಳು. ಮದುವೆಯಾಗಿ ಬಂದ ಹೊಸತರಲ್ಲಿ ಅಜ್ಜಿಯ ಕಾಲಿಗೆ ಎಣ್ಣೆ ತಿಕ್ಕುತ್ತಿದ್ದಾಗ ಒಮ್ಮೆ ಕೇಳಿದ್ದಳಂತೆ. "ನಿಂಗಕ್ಕೆ ಇಷ್ಟು ವರ್ಷ ಹೇಳಿದ್ದೇ ಇಲ್ಲೆ?" ಎಂದು ಅಪ್ಪಯ್ಯ ಅಚ್ಚರಿಪಟ್ಟ.

"ಯಾರೂ ಕೇಳಿದ್ವಿಲ್ಲೆ" ಎಂದಳು ಆಯಿ.

ಆ ಹೆಸರನ್ನು ನಾನು ಇಲ್ಲಿ ಬರೆಯುತ್ತಿಲ್ಲ. ಮನೆಯ ಮಾತು ಪೇಪರಿನಲ್ಲಿ ಹಾಕಬೇಡ ಎಂದು ಆಯಿ ಹೇಳಿದ್ದಾಳೆ. ಆದರೆ ಪ್ರಬಂಧದ ಅರ್ಪಣೆಯ ಪುಟಕ್ಕೆ ಹಾಕುತ್ತೇನೆ ಎಂದಾಗ ಬೇಡವೆನ್ನಲಿಲ್ಲ. ಅದನ್ನು ಎಷ್ಟು ಜನ ಓದುತ್ತಾರೆ ಎಂದು ಕೇಳಿದಳು. ಐದಾರು ಜನ ಎಂದೆ. ಹಾಗಾದರೆ ಅಡ್ಡಿಯಿಲ್ಲ ಎಂದು ಒಳಗೆ ಹೋದಳು.

ಮುಂದಿನ ವಾರ ನಾವಿಬ್ಬರೂ ಸಾಗರದವರೆಗೆ ಬಸ್ಸಿನಲ್ಲಿ ಹೋಗಿ, ಅಲ್ಲಿಂದ ಇಕ್ಕೇರಿಗೆ ಆರು ಕಿಲೋಮೀಟರ್ ನಡೆದೆವು. ಅಘೋರೇಶ್ವರನ ಗುಡಿ ಇದೆ, ಪಟ್ಟಣವಿಲ್ಲ. ಬಿದಿರು ಬೇಲಿ, ಬೀದಿ, ವಾದ್ಯದವರ ಕೇರಿ ಯಾವುದೂ ಇಲ್ಲ. ಗುಡಿಯ ಹೊರಗಿನ ಅಂಗಡಿಯಲ್ಲಿ ಹಣ್ಣುಕಾಯಿ ಮಾರುತ್ತಿದ್ದ ಹೆಂಗಸಿನಿಂದ ತೆಂಗಿನಕಾಯಿ ಕೊಂಡೆ. ಬುಟ್ಟಿಯಲ್ಲಿ ನಿಂಬೆಹಣ್ಣೂ ಇದ್ದವು. ಚಿಲ್ಲರೆ ಎಣಿಸುತ್ತಿದ್ದ ಅವರನ್ನು, "ನಿಮ್ಮ ಹೆಸರೇನು ಅಕ್ಕಾ?" ಎಂದು ಕೇಳಿದೆ. ಅವರು ಒಂದು ಕ್ಷಣ ನನ್ನ ಮುಖ ನೋಡಿ, ನಕ್ಕು, ಹೇಳಿದರು.